ಇಳಕಲ್ ಸೀರೆ: ಹತ್ತಿಯ ಒಡಲು, ಚಮಕಾ ಸೆರಗು

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೈಮಗ್ಗದ ಸೀರೆಯನ್ನು ಶುದ್ಧ ರೇಷ್ಮೆಯಲ್ಲಿಯೂ ನೇಯುತ್ತಾರೆ, ಪೂರ್ತಿ ಚಮಕಾ ಎಂಬ, ರೇಷ್ಮೆಯಂತೆ ಹೊಳೆಯುವ ರೇಯಾನ್ ನೂಲಿನಲ್ಲಿಯೂ ನೇಯುತ್ತಾರೆ. ನಾನು ಊರಿನಲ್ಲಿಯೇ ಕೊಂಡು ಕಡುಬೇಸಿಗೆಯಲ್ಲಿ ಉಟ್ಟು ನೋಡಿದ್ದು ಹತ್ತಿಯ ಒಡಲಿಗೆ ಚಮಕಾ ಸೆರಗು ಕೂಡಿಸಿದ ಸೀರೆಯನ್ನು. ದಿನನಿತ್ಯದ ಬಳಕೆಗೆ ಇದಕ್ಕಿಂತ ಹಿತವಾದ ಸೀರೆಯನ್ನು ಉತ್ತರ ಕರ್ನಾಟಕದ ಬಿಸಿಲಿನಲ್ಲಿ ನಾನು ಉಟ್ಟಿಲ್ಲ.

ಈ ಸೀರೆಯ ಹೆಚ್ಚುಗಾರಿಕೆ ಇರುವುದು ಕೊಂಡಿಯಲ್ಲಿ. ಒಡಲಿನ ಹಾಸುನೂಲು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸುವ ನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕುಣಿಕೆ ಹಾಕಿ ಸೇರಿಸಿದ ಮೇಲೆಯೇ ಸೆರಗಿನ ನೇಯ್ಗೆ ಸಾಗುತ್ತದೆ. ಆ ಜಾಗವನ್ನು ಬೆಳಕಿಗೆ ಹಿಡಿದರೆ ಒಂದರ ಪಕ್ಕ ಒಂದರಂತೆ ಕೂತ ಸಣ್ಣ ಕುಣಿಕೆಗಳ ಸಾಲು ಕಾಣುತ್ತದೆ, ಅದರಾಚೆ ಕೆಂಪು ನೆಲದ ಮೇಲೆ ಬಿಳಿಯ ಹಣಿಗೆ, ತೆನೆಗಳ ಚಿತ್ತಾರವಿರುವ, ಟೋಪ ತೆನೆ ಎಂದು ಕರೆಯುವ ಸೆರಗು ಶುರುವಾಗುತ್ತದೆ. ಎರಡು ಬಗೆಯ ನೂಲನ್ನು ಒಂದೇ ಬಟ್ಟೆಯಲ್ಲಿ, ಅವುಗಳ ಗುಣಕ್ಕೆ ತಕ್ಕ ಜಾಗದಲ್ಲಿ ಇಡುವ ಈ ಜಾಣ್ಮೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮೈಗೆ ತಾಗುವ ಭಾಗದಲ್ಲಿ ಹತ್ತಿ ಇರುವುದರಿಂದ ಬೆವರನ್ನು ಹೀರಿಕೊಂಡು ಗಾಳಿಗೆ ಬಿಡುತ್ತದೆ. ಹತ್ತಿಯ ನಾರು ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುವುದರಿಂದ ಪದೇ ಪದೇ ಒಗೆದರೂ ಒಡಲು ಬಾಳುತ್ತದೆ. ಚಮಕಾ ಎಂದರೆ ರೇಯಾನ್, ಅಂದರೆ ಮರದ ತಿರುಳಿನಂಥ ಸಸ್ಯಮೂಲದ ಸೆಲ್ಯುಲೋಸನ್ನು ಕರಗಿಸಿ ಎಳೆಯಾಗಿ ತೆಗೆದ ನೂಲು. ಅದಕ್ಕೆ ರೇಷ್ಮೆಯಂಥ ಹೊಳಪಿದೆ, ಇಳಿಬೀಳುವ ಮೆದುತನವೂ ಇದೆ. ಆದರೆ ಒದ್ದೆಯಾದ ರೇಯಾನ್ ತನ್ನ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳಬಲ್ಲದು. ಆದ್ದರಿಂದ ಸೆರಗನ್ನು ಕಲ್ಲಿಗೆ ಬಡಿಯಬಾರದು, ಹಿಂಡಬಾರದು. ನನ್ನ ಸೀರೆಯಲ್ಲಿ ಒಗೆದ ನಂತರ ಕೊಂಡಿಯ ಬಳಿ ಸ್ವಲ್ಪ ಸುಕ್ಕು ಕಾಣಿಸಿತು. ನೂಲು ತುಸು ತೇವವಿರುವಾಗಲೇ ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡಿದ್ದರಿಂದ ಸರಿಯಾಯಿತು.

ನನ್ನ ಆಕ್ಷೇಪಣೆ ಸೀರೆಯ ಮೇಲಲ್ಲ, ಅದನ್ನು ಮಾರುವ ರೀತಿಯ ಮೇಲೆ. ದೊಡ್ಡ ಪಟ್ಟಣದ ಅಂಗಡಿಯೊಂದರಲ್ಲಿ ಪೂರ್ತಿ ಚಮಕಾ ಸೀರೆಯನ್ನು ರೇಷ್ಮೆಯೆಂದು ಹೇಳಿ ರೇಷ್ಮೆಯ ಬೆಲೆಯನ್ನೇ ಕೇಳಿದರು. ಸೆರಗಿನ ತುದಿಯ ಒಂದು ಎಳೆಯನ್ನು ಸುಟ್ಟು ನೋಡಿದರೆ ನಿಜ ತಿಳಿಯುತ್ತದೆ: ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಪುಡಿಯಾಗುವ ಕಪ್ಪು ಬೂದಿಯಾಗುತ್ತದೆ, ಹತ್ತಿಯೂ ರೇಯಾನೂ ಕಾಗದದಂತೆ ಉರಿದು ನುಣುಪಾದ ಬೂದಿ ಉಳಿಸುತ್ತವೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ ಎಂದು ಕೊಳ್ಳುವವರು ಕೇಂದ್ರೀಯ ರೇಷ್ಮೆ ಮಂಡಳಿಯ ಬೆಂಬಲದ ಸಿಲ್ಕ್ ಮಾರ್ಕ್ ಚೀಟಿಯನ್ನು ಕೇಳಿ ನೋಡಬೇಕು. ಚಮಕಾ ಕೀಳಾದ ನೂಲೇನೂ ಅಲ್ಲ, ಅದನ್ನು ಅದರ ಹೆಸರಿನಲ್ಲಿಯೇ ಮಾರಿದರೆ ನೇಕಾರರಿಗೂ ಗೌರವ, ಕೊಳ್ಳುವವರಿಗೂ ನೆಮ್ಮದಿ.

ಇಳಕಲ್ ಮಾದರಿಯ ಪಾಲಿಯೆಸ್ಟರ್ ಸೀರೆಗಳು ಮಗ್ಗದ ಸೀರೆಗಿಂತ ಬಹಳ ಅಗ್ಗವಾಗಿ ಸಿಗುತ್ತವೆ. ಅವು ಬೇಗ ಒಣಗುತ್ತವೆ, ಸುಕ್ಕಾಗುವುದಿಲ್ಲ, ಪ್ರಯಾಣಕ್ಕೆ ಅನುಕೂಲ. ಆದರೆ ವಾತಾವರಣದಿಂದ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವವನ್ನು ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಹಿಡಿಯುವುದು ಶೇ. 0.4ರಷ್ಟು ಮಾತ್ರ, ಹೀಗಾಗಿ ಸೆಕೆಯಲ್ಲಿ ಬೆವರು ಮೈಮೇಲೆಯೇ ನಿಲ್ಲುತ್ತದೆ. ಅವುಗಳಲ್ಲಿ ಸೆರಗಿನ ಚಿತ್ತಾರವಿರಬಹುದು, ಕೊಂಡಿ ಇರುವುದಿಲ್ಲ.

ಮೊದಲ ಒಗೆತದಲ್ಲಿ ಸೆರಗಿನ ಕೆಂಪು ತುಸು ಬಿಟ್ಟಿತು ಎಂಬುದನ್ನೂ ಹೇಳಬೇಕು. ತಿಳಿ ಬಣ್ಣದ ಒಡಲನ್ನು ಆರಿಸುವವರು ಮೊದಲ ಕೆಲವು ಸಲ ಸೀರೆಯನ್ನು ನೆನೆಸಿಡದೆ, ತಣ್ಣೀರಿನಲ್ಲಿ ಸೆರಗನ್ನು ಬೇರೆಯಾಗಿ ಜಾಲಿಸಿ, ನೆರಳಿನಲ್ಲಿ ಒಣಹಾಕುವುದು ಒಳ್ಳೆಯದು.