ಸ್ಟೀಲಿನ ಇಡ್ಲಿ ಪಾತ್ರೆ: ಹಲವು ವರ್ಷಗಳ ಬಳಕೆಯ ನಂತರ

2019ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯ ಪಾತ್ರೆ ಅಂಗಡಿಯೊಂದರಲ್ಲಿ ಸುಮಾರು ಸಾವಿರದ ಆರುನೂರು ರೂಪಾಯಿಗೆ ಕೊಂಡ ಸ್ಟೀಲಿನ ಇಡ್ಲಿ ಪಾತ್ರೆ ನಮ್ಮ ಮನೆಯಲ್ಲಿ ಇಂದಿಗೂ ವಾರಕ್ಕೆ ಮೂರು ನಾಲ್ಕು ಸಲ ಒಲೆಯ ಮೇಲೇರುತ್ತದೆ. ಇದರಲ್ಲಿ ಆಳವಾದ ನೀರಿನ ಪಾತ್ರೆ, ನಾಲ್ಕು ಕುಳಿಗಳ ಮೂರು ತಟ್ಟೆಗಳು, ತೂತುಗಳಿರುವ ಒಂದು ಸಪಾಟು ತಟ್ಟೆ ಮತ್ತು ಮುಚ್ಚಳ ಇವೆ. ಕೊಳ್ಳುವವರು ಸಾಮಾನ್ಯವಾಗಿ ಒಂದು ಸಲಕ್ಕೆ ಎಷ್ಟು ಇಡ್ಲಿ ಬೇಯುತ್ತದೆ ಎಂದು ಮೊದಲು ಕೇಳುತ್ತಾರೆ. ಇಷ್ಟು ಕಾಲ ಬಳಸಿದ ಮೇಲೆ ನನ್ನ ಅಭಿಪ್ರಾಯವೆಂದರೆ, ಕುಳಿಗಳ ಲೆಕ್ಕಕ್ಕಿಂತ ನೀರಿನ ಪಾತ್ರೆಯ ಆಳ ಮತ್ತು ಆ ಸಪಾಟು ತಟ್ಟೆ ಹೆಚ್ಚು ಮುಖ್ಯ, ಏಕೆಂದರೆ ನಮ್ಮ ಬೆಳಗಿನ ತಿಂಡಿಗೆ ತರಕಾರಿ ಹೇರಳವಾಗಿ ಸೇರಿದ್ದು ಈ ಎರಡರಿಂದಲೇ.

ಇಡ್ಲಿ ಹತ್ತು ಹನ್ನೆರಡು ನಿಮಿಷಗಳಲ್ಲಿ ಬೇಯುತ್ತದೆ, ಅದಕ್ಕೆ ಸ್ವಲ್ಪ ನೀರು ಸಾಕು. ಆದರೆ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯುವ ಕಡುಬಿಗೂ ಕೇದಿಗೆ ಎಲೆಯ ಮೂಡೆಗೂ ಅರ್ಧ ಗಂಟೆಗಿಂತ ಹೆಚ್ಚು ಕಾಲ ಹದವಾದ ಹಬೆ ಬೇಕು, ಮತ್ತು ನಡುವೆ ಮುಚ್ಚಳ ತೆಗೆದು ತಣ್ಣೀರು ಸುರಿದರೆ ಹಬೆ ಇಳಿದು ಒಳಭಾಗ ಬೇಯದೆ ಉಳಿಯುತ್ತದೆ. ಈ ಪಾತ್ರೆಯ ಕೆಳಭಾಗಕ್ಕೆ ಒಂದೂವರೆ ಲೀಟರ್ ನೀರು ಹಿಡಿಯುತ್ತದೆ, ಆದರೂ ಕುದಿಯುವ ನೀರು ತಟ್ಟೆಗೆ ತಾಗುವುದಿಲ್ಲ. ದೀರ್ಘವಾಗಿ ಬೇಯಿಸುವಾಗ ನಮ್ಮ ಅಜ್ಜಿಯಂತೆ ನಾನೂ ನೀರಿನಲ್ಲಿ ಒಂದು ಸ್ವಚ್ಛವಾದ ನಾಣ್ಯ ಹಾಕುತ್ತೇನೆ. ನೀರು ಕುದಿಯುವಷ್ಟು ಹೊತ್ತು ನಾಣ್ಯ ಸದ್ದು ಮಾಡುತ್ತಿರುತ್ತದೆ, ಸದ್ದು ನಿಂತರೆ ನೀರು ಮುಗಿಯುತ್ತಾ ಬಂದಿದೆ ಎಂದು ತಿಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಆದ್ದರಿಂದ ಕರಾವಳಿಯ ಮನೆಯಲ್ಲಿ ಕಲಿತ ಅಳತೆಗೆ ಒಂದೆರಡು ನಿಮಿಷ ಸೇರಿಸಿಕೊಳ್ಳುವುದು ಒಳ್ಳೆಯದು.

ಸಪಾಟು ತಟ್ಟೆಯ ಮೇಲೆ ನಾನು ಅತಿ ಹೆಚ್ಚು ಮಾಡುವುದು ಸೌತೆಕಾಯಿ ಕಡುಬು. ಬಲಿತ ಸೌತೆಕಾಯಿಯ ತಿರುಳು ತೆಗೆದು ತುರಿದು, ಅದಕ್ಕೆ ಸಮ ಅಳತೆಯ ಅಕ್ಕಿ ತರಿ, ಒಂದು ಹಿಡಿ ತೆಂಗಿನ ತುರಿ, ಹಸಿಮೆಣಸು ಮತ್ತು ಉಪ್ಪು ಸೇರಿಸಿ ಅರ್ಧ ಗಂಟೆ ಬಿಟ್ಟರೆ ತರಕಾರಿ ಬಿಡುವ ನೀರಿನಲ್ಲೇ ತರಿ ನೆನೆಯುತ್ತದೆ. ಉದ್ದು ನೆನೆಸುವ, ರುಬ್ಬುವ, ಹಿಟ್ಟು ಹುಳಿ ಬರಲು ಕಾಯುವ ಕೆಲಸವೇ ಇಲ್ಲ. ಬಾಳೆ ಎಲೆಯ ತುಂಡುಗಳಲ್ಲಿ ಮಡಚಿ ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಇಟ್ಟು ಇಪ್ಪತ್ತು ನಿಮಿಷ ಬೇಯಿಸಬೇಕು. ಒತ್ತೊತ್ತಾಗಿ ಪೇರಿಸಿದರೆ ಹಬೆ ಆಡುವುದಕ್ಕೆ ಜಾಗವಿರುವುದಿಲ್ಲ. ಮಕ್ಕಳಿಗಾಗಿ ಮೆಣಸಿನ ಬದಲು ಬೆಲ್ಲ ಹಾಕಿದರೆ ಅದೇ ಸಿಹಿ ಕಡುಬಾಗುತ್ತದೆ. ಇದೇ ತಟ್ಟೆಯಲ್ಲಿ ನುಚ್ಚಿನುಂಡೆಯೂ ಚೆನ್ನಾಗಿ ಆಗುತ್ತದೆ: ನೆನೆದ ತೊಗರಿಬೇಳೆ ಮತ್ತು ಕಡಲೆಬೇಳೆಯನ್ನು ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪನ್ನು ಧಾರಾಳವಾಗಿ ಹೆಚ್ಚಿ ಹಾಕಿ, ಶುಂಠಿ ಮತ್ತು ತೆಂಗಿನ ತುರಿಯೊಂದಿಗೆ ಉಂಡೆ ಕಟ್ಟಿ ಬೇಯಿಸಿ, ಮಜ್ಜಿಗೆ ಹುಳಿಯ ಜೊತೆ ಬಡಿಸಿದರೆ ಅದೊಂದೇ ಪೂರ್ಣ ಊಟವಾಗುತ್ತದೆ. ಅಕ್ಕಿಯೇ ಇಲ್ಲದ ಈ ತಿಂಡಿಯನ್ನು ಮಧುಮೇಹವಿರುವ ನಮ್ಮ ಮಾವನವರು ಇಡ್ಲಿಗಿಂತ ಹೆಚ್ಚು ಇಷ್ಟಪಡುತ್ತಾರೆ.

ಇಡ್ಲಿಯ ವಿಷಯದಲ್ಲಿ ತರಕಾರಿ ಬೆರೆಸುವವರು ಹಿಟ್ಟಿನ ಸ್ವಭಾವವನ್ನು ಅರಿತಿರಬೇಕು. ಹಿಟ್ಟಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಬಿಡುವ ಅನಿಲವನ್ನು ಉದ್ದಿನ ಅಂಟು ಹಿಡಿದಿಟ್ಟುಕೊಳ್ಳುವುದರಿಂದ ಇಡ್ಲಿ ಹಗುರಾಗುತ್ತದೆ. ಹೆಚ್ಚು ನೀರು ಸೇರಿದರೆ ಆ ಹಿಡಿತ ಸಡಿಲಗೊಂಡು ಇಡ್ಲಿ ಚಪ್ಪಟೆಯಾಗುತ್ತದೆ. ಆದ್ದರಿಂದ ಕ್ಯಾರೆಟ್ ತುರಿ, ಸಣ್ಣಗೆ ಹೆಚ್ಚಿದ ಬೀನ್ಸ್, ನುಗ್ಗೆ ಸೊಪ್ಪು ಇವೆಲ್ಲವೂ ಹಿಟ್ಟು ಉಬ್ಬಿದ ನಂತರ, ಬೇಯಿಸುವ ಹೊತ್ತಿಗೆ ಸೇರಬೇಕು. ಸೋರೆಕಾಯಿ ತುರಿಯನ್ನು ಹಿಂಡಿಯೇ ಹಾಕಬೇಕು, ಹಿಂಡಿದ ರಸ ಸಾಂಬಾರಿಗೆ ಹೋಗಲಿ. ಒಂದು ಅಳತೆ ಉದ್ದಿಗೆ ಎರಡು ಅಳತೆ ಅಕ್ಕಿ ತರಿಯ ಹಿಟ್ಟು, ಅದರ ಮೂರನೇ ಒಂದು ಭಾಗದಷ್ಟು ತರಕಾರಿಯನ್ನು ಮೃದುತ್ವ ಕಳೆದುಕೊಳ್ಳದೆ ತಾಳಿಕೊಳ್ಳುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಹಿಟ್ಟು ಉಬ್ಬಲು ತಡವಾದಾಗ ಇದೇ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ತಟ್ಟೆಯ ಮೇಲೆ ಹಿಟ್ಟಿನ ಬೋಗುಣಿ ಇಟ್ಟು ಮುಚ್ಚಿದರೆ ಬೆಳಗಿನ ಹೊತ್ತಿಗೆ ಹದವಾಗಿ ಉಬ್ಬಿರುತ್ತದೆ.

ಇಡ್ಲಿ ಎಣ್ಣೆಯಿಲ್ಲದ ತಿಂಡಿ ಎಂಬುದು ನಿಜವಾದರೂ, ಅಕ್ಕಿಯ ಪಿಷ್ಟ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ ಎಂಬುದೂ ಅಷ್ಟೇ ನಿಜ. ಆದ್ದರಿಂದ ಎರಡು ಇಡ್ಲಿಯ ಪಕ್ಕದಲ್ಲಿ ಒಂದು ಬಟ್ಟಲು ತರಕಾರಿ ಇರಲೇಬೇಕು ಎಂದು ನಾನು ಪಟ್ಟು ಹಿಡಿದಿದ್ದೇನೆ, ಈ ಪಾತ್ರೆಯಿಂದ ಅದಕ್ಕೆ ಬೇರೆ ಒಲೆಯೂ ಬೇಕಾಗುವುದಿಲ್ಲ. ಕೆಳಗೆ ಸಪಾಟು ತಟ್ಟೆಯಲ್ಲಿ ಬೀನ್ಸ್, ಗೋರಿಕಾಯಿ ಅಥವಾ ಬೀಟ್‌ರೂಟ್ ಹರಡಿ, ಮೇಲಿನ ತಟ್ಟೆಗಳಲ್ಲಿ ಇಡ್ಲಿ ಹುಯ್ದರೆ ಎರಡೂ ಒಟ್ಟಿಗೆ ಬೇಯುತ್ತವೆ. ಬೀಟ್‌ರೂಟನ್ನು ಮೇಲಿಟ್ಟರೆ ಅದರ ಬಣ್ಣ ಇಡ್ಲಿಯ ಮೇಲೆ ಇಳಿಯುತ್ತದೆ. ನೀರಿನಲ್ಲಿ ಕುದಿಸಿ ಬಸಿಯುವುದಕ್ಕಿಂತ ಹಬೆಯಲ್ಲಿ ಬೇಯಿಸಿದಾಗ ನೀರಿನಲ್ಲಿ ಕರಗುವ ಸಿ ಜೀವಸತ್ವ ಮತ್ತು ಫೋಲೇಟ್ ಕಡಿಮೆ ನಷ್ಟವಾಗುತ್ತವೆ. ಬೆಂದ ತರಕಾರಿಗೆ ಒಂದು ಚಮಚ ಎಣ್ಣೆಯ ಸಾಸಿವೆ ಒಗ್ಗರಣೆ ಮತ್ತು ತೆಂಗಿನ ತುರಿ ಬಿದ್ದರೆ ಪಲ್ಯ ಸಿದ್ಧ.

ಕೊರತೆಗಳೂ ಇವೆ. ಮುಚ್ಚಳ ಸಪಾಟಾಗಿರುವುದರಿಂದ ಅದರಲ್ಲಿ ಸೇರಿದ ಹಬೆಯ ನೀರು ಮೇಲಿನ ತಟ್ಟೆಯ ಇಡ್ಲಿಗಳ ಮೇಲೆ ತೊಟ್ಟಿಕ್ಕಿ ಅವುಗಳನ್ನು ಮುದ್ದೆಯಾಗಿಸುತ್ತದೆ. ಗುಮ್ಮಟದಂತೆ ಉಬ್ಬಿದ ಮುಚ್ಚಳವಿದ್ದರೆ ನೀರು ಅಂಚಿಗೆ ಜಾರುತ್ತಿತ್ತು, ಈಗ ಮುಚ್ಚಳಕ್ಕೆ ಹತ್ತಿಯ ಬಟ್ಟೆ ಕಟ್ಟುವುದು ಅನಿವಾರ್ಯವಾಗಿದೆ. ಪ್ಲಾಸ್ಟಿಕ್ ಹಿಡಿಗಳಲ್ಲಿ ಒಂದು ಮೂರನೆಯ ವರ್ಷದಲ್ಲೇ ಬಿರುಕು ಬಿಟ್ಟಿತು. ಬೋರ್‌ವೆಲ್ ನೀರಿನ ಗಡಸಿನಿಂದ ಒಳತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಹುಣಸೆಹುಳಿ ನೀರನ್ನು ಹದಿನೈದು ನಿಮಿಷ ಕುದಿಸಿದರೆ ಅದು ಬಿಡುತ್ತದೆ. ಇಂಡಕ್ಷನ್ ಒಲೆ ಇರುವವರು ಅಂಗಡಿಯಲ್ಲೇ ಅಯಸ್ಕಾಂತ ಹಿಡಿದು ತಳವನ್ನು ಪರೀಕ್ಷಿಸಬೇಕು, ಏಕೆಂದರೆ 304 ದರ್ಜೆಯ ಸ್ಟೀಲ್ ಒಳ್ಳೆಯದಾದರೂ ಅದಕ್ಕೆ ಅಯಸ್ಕಾಂತ ಸಾಮಾನ್ಯವಾಗಿ ಅಂಟುವುದಿಲ್ಲ, ಅಯಸ್ಕಾಂತ ಅಂಟುವ ಬೇರೆ ಲೋಹದ ತಳ ಜೋಡಿಸಿರದಿದ್ದರೆ ಅಂಥ ಒಲೆಯಲ್ಲಿ ಅದು ಕಾಯುವುದೇ ಇಲ್ಲ.

ಕುಳಿಗೆ ಹಿಟ್ಟು ಅಂಟದಿರಲು ಎಣ್ಣೆ ಸವರಿದರೆ ಸಾಕು, ತಟ್ಟೆ ಇಡ್ಲಿಗೆ ಒದ್ದೆ ಬಟ್ಟೆ ಅಥವಾ ಬಾಳೆ ಎಲೆ ಹಾಸಬಹುದು. ಹೋಟೆಲುಗಳಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು ರಾಜ್ಯದ ಆರೋಗ್ಯ ಇಲಾಖೆ 2025ರಲ್ಲಿ ನಿಷೇಧಿಸಿದೆ, ಮನೆಯಲ್ಲಂತೂ ಅದು ಬೇಡವೇ ಬೇಡ. ನಾಲ್ಕೈದು ಜನರ ಮನೆಗೆ ಈ ಅಳತೆ ಸರಿಹೊಂದುತ್ತದೆ. ಇಬ್ಬರೇ ಇರುವವರು ಚಿಕ್ಕದನ್ನು ಕೊಂಡರೂ ಸಪಾಟು ತಟ್ಟೆ ಜೊತೆಗಿರುವುದನ್ನೇ ಆರಿಸಬೇಕು, ಹಿಡಿಗಳೂ ಸ್ಟೀಲಿನವೇ ಆಗಿದ್ದರೆ ನೂರಿನ್ನೂರು ರೂಪಾಯಿ ಹೆಚ್ಚು ಕೊಡಲು ಹಿಂಜರಿಯಬಾರದು.