ಹೊಳಪು ನೋಡಿ ಪೆಟ್ಟಿಗೆಗಟ್ಟಲೆ ಹಳೇ ರೆಕಾರ್ಡು ಕೊಳ್ಳಬೇಡಿ

ಹಳೇ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಒಂದು ಪೆಟ್ಟಿಗೆ ತುಂಬ ಎಲ್‌ಪಿ (ಹಾಡಿನ ದೊಡ್ಡ ಕಪ್ಪು ತಟ್ಟೆ), ಜತೆಗೊಂದಿಷ್ಟು ಸಿಡಿ, ಕ್ಯಾಸೆಟ್. ಬಿಡಿಯಾಗಿ ಕೊಡುವುದಿಲ್ಲ, ಒಟ್ಟಿಗೆ ತೆಗೆದುಕೊಂಡರೆ ಬಲು ಅಗ್ಗ. ಮೇಲಿನ ನಾಲ್ಕೈದು ತಟ್ಟೆ ಹೊರತೆಗೆದರೆ ಕನ್ನಡಿಯಂತೆ ಹೊಳೆಯುತ್ತವೆ, ಒಂದು ಗೀರೂ ಇಲ್ಲ. ಈಚೆಗೆ ಹೀಗೆ ಕೊಂಡ ಪೆಟ್ಟಿಗೆಯೊಂದರಲ್ಲಿ ಕೇಳುವಂತಿದ್ದವು ಬೆರಳೆಣಿಕೆಯಷ್ಟು ಮಾತ್ರ. ಅದರಲ್ಲಿದ್ದ ಒಂದೊಂದು ದೋಷವನ್ನೂ ಅಂಗಡಿಯಲ್ಲೇ ಹಿಡಿಯಬಹುದಿತ್ತು. ಹೇಗೆಂದು ಇಲ್ಲಿದೆ.

ದೊಡ್ಡ ದೋಷ ಸವೆತ. ಗೀರಾದರೆ ಕಣ್ಣಿಗೆ ಬೀಳುತ್ತದೆ, ಸವೆತ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಹಿಂದಿನವರು ಪ್ಲೇಯರಿನ ಸವೆದ ಮುಳ್ಳನ್ನೇ ವರ್ಷಗಟ್ಟಲೆ ಓಡಿಸಿದ್ದರೆ, ಇಲ್ಲವೇ ಮುಳ್ಳಿನ ಮೇಲೆ ಭಾರ ಹೆಚ್ಚಿದ್ದರೆ, ಗ್ರೂವಿನ (ಧ್ವನಿ ಕೊರೆದ ಗೆರೆಯ) ಗೋಡೆಗಳು ಕೆತ್ತಿಹೋಗಿರುತ್ತವೆ. ಮುಳ್ಳನ್ನು ಹಿಡಿದಿರುವ ಬಿಡಿಭಾಗವೇ ಕಾರ್ಟ್ರಿಜ್; ಒಳ್ಳೆಯ ಕಾರ್ಟ್ರಿಜ್‌ಗೆ ಸುಮಾರು 2 ಗ್ರಾಂ ಒತ್ತಡ ಸಾಕು. ಅಗ್ಗದ ಸಿರಾಮಿಕ್ ಕಾರ್ಟ್ರಿಜ್ 5 ಗ್ರಾಮಿಗೂ ಮೀರಿ ಒತ್ತುವುದುಂಟು. ಈ ಹಾನಿ ಮೊದಲು ಕೇಳಿಸುವುದು ಪ್ರತಿ ಬದಿಯ ಕೊನೆಯ ಹಾಡಿನಲ್ಲಿ. ತಟ್ಟೆ ನಿಮಿಷಕ್ಕೆ 33⅓ ಸುತ್ತು ಒಂದೇ ಸಮನೆ ತಿರುಗಿದರೂ ಒಳಸುತ್ತಿನ ಅಳತೆ ಚಿಕ್ಕದು. ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಮುಳ್ಳಿನಡಿ ಸಾಗಿದರೆ, ಲೇಬಲ್ ಹತ್ತಿರ ಸಾಗುವುದು 20 ಸೆಂ.ಮೀ. ಆಸುಪಾಸು. ಅಷ್ಟೇ ಧ್ವನಿ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂತಿರುವುದರಿಂದ ಸವೆತದ ಪೆಟ್ಟು ಅಲ್ಲೇ ಜೋರು. ಹಾಗಾಗಿ ಅಂಗಡಿಯಲ್ಲಿ ಪ್ಲೇಯರ್ ಇದ್ದರೆ ಮೊದಲ ಹಾಡು ಕೇಳಿ ತೃಪ್ತಿಪಡಬೇಡಿ, ಕೊನೆಯ ಹಾಡು ಹಾಕಿಸಿ. ಗಾಯಕರ ‘ಸ’, ‘ಶ’ ಅಕ್ಷರಗಳು ಕರಕರ ಎಂದರೆ, ತಾರಸ್ಥಾಯಿಯಲ್ಲಿ ಧ್ವನಿ ಒಡೆದರೆ, ಯಾವ ತೊಳೆತವೂ ಅದನ್ನು ಸರಿಮಾಡದು.

ಪ್ಲೇಯರ್ ಇಲ್ಲದಿದ್ದರೆ ಟಾರ್ಚು ಬೇಕು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲ ತಟ್ಟೆಯೂ ಚೆಂದವೇ. ಬೆಳಕನ್ನು ಓರೆಯಾಗಿ ಬಿಟ್ಟು ತಟ್ಟೆಯನ್ನು ನಿಧಾನಕ್ಕೆ ತಿರುಗಿಸಿ: ಜೋರು ಧ್ವನಿಯ ಪಟ್ಟಿಗಳು ಕಪ್ಪು ಕಳೆದುಕೊಂಡು ಬೂದುಬಣ್ಣಕ್ಕೆ ತಿರುಗಿದ್ದರೆ ಅನುಮಾನಿಸಿ. ಲೇಬಲ್ ನಡುವಿನ ತೂತಿನ ಸುತ್ತಲೂ ನೋಡಿ. ಪ್ಲೇಯರಿನ ಕಡ್ಡಿ ತೂತು ಹುಡುಕುತ್ತ ಎಳೆದ ಸಣ್ಣ ಗೆರೆಗಳು ತುಂಬ ಇದ್ದರೆ ಆ ತಟ್ಟೆ ಬಹಳ ಸಲ ತಿರುಗಿದೆ. ಜಾಕೆಟ್ (ಹೊರಗಿನ ರಟ್ಟಿನ ಹೊದಿಕೆ) ಹೊಸದರಂತಿದ್ದರೂ ಈ ಗೆರೆಗಳು ಸುಳ್ಳು ಹೇಳುವುದಿಲ್ಲ.

ಆ ಪೆಟ್ಟಿಗೆಯ ಕನ್ನಡಿ ಹೊಳಪಿನ ಗುಟ್ಟು ಪಾಲಿಶ್. ಪೀಠೋಪಕರಣಕ್ಕೆ ಹಚ್ಚುವ ಪಾಲಿಶ್ ಅಥವಾ ಎಣ್ಣೆ ಸವರಿದರೆ ಯಾವ ತಟ್ಟೆಯೂ ಮಿಂಚುತ್ತದೆ. ಆದರೆ ಅದು ಗ್ರೂವಿನಲ್ಲಿ ಕೂತು ಧೂಳು ಹಿಡಿದು ಅಂಟಾಗಿ ಮುಳ್ಳಿಗೆ ಮೆತ್ತಿಕೊಳ್ಳುತ್ತದೆ. ಹಾಡಿಲ್ಲದ ಅಂಚನ್ನು ಬೆರಳಲ್ಲಿ ಸವರಿ. ಜಿಡ್ಡು ಹತ್ತಿದರೆ ಬಿಡಿ.

ಬಿಳಿ ಮಂಕು ಎರಡು ಬಗೆ. ಚುಕ್ಕಿಚುಕ್ಕಿಯಾಗಿದ್ದು ಜಾಕೆಟ್ ಮುಗ್ಗಲು ನಾತ ಹೊಡೆದರೆ ಬೂಷ್ಟು. ತೊಳೆದರೆ ಬಹುಪಾಲು ಹೋಗುತ್ತದೆ, ಆದರೆ ಜಾಕೆಟ್ಟನ್ನು ನಿಮ್ಮ ಕಪಾಟಿಗೆ ಸೇರಿಸಿದರೆ ಪಕ್ಕದವಕ್ಕೂ ಹಬ್ಬುತ್ತದೆ. ಇನ್ನೊಂದು, ಪಿವಿಸಿ ಕವರಿನೊಳಗೆ ವರ್ಷಾನುಗಟ್ಟಲೆ ಇದ್ದ ತಟ್ಟೆಗೆ ಕವಿಯುವ ಮಂಜು. ಪ್ಲಾಸ್ಟಿಕ್ ಮೆದುಗೊಳಿಸಲು ಬೆರೆಸಿದ ರಾಸಾಯನಿಕ ಒಸರಿ ತಟ್ಟೆಯ ಮೈಗೇ ಹತ್ತಿರುತ್ತದೆ. ಇದು ತೊಳೆದರೆ ಹೋಗುವುದಿಲ್ಲ, ಹಾಡಿನುದ್ದಕ್ಕೂ ಸುಯ್ಯೆನ್ನುತ್ತದೆ. ಕೊಂಡ ತಕ್ಷಣ ಅಂಥ ಕವರು ಕಿತ್ತೆಸೆದು ಪಾಲಿಥೀನ್ ಒಳಕವರು ಹಾಕಿ.

ತಟ್ಟೆ ಸೊಟ್ಟಗಿದೆಯೇ ಎಂದು ಕಣ್ಣಿನ ಮಟ್ಟದಲ್ಲಿ ಹಿಡಿದು ನೋಡಿ. ಒಂದರ ಮೇಲೊಂದು ಮಲಗಿಸಿಟ್ಟ ರಾಶಿಯಲ್ಲಿ ಇದು ಮಾಮೂಲು. ಪ್ರತಿ ಜಾಕೆಟ್ಟನ್ನೂ ತೆರೆದು ಒಳಗಿನ ತಟ್ಟೆ ಅದರದೇ ಹೌದೇ, ಜೋಡಿ ಆಲ್ಬಮ್ಮಿನಲ್ಲಿ ಎರಡೂ ಇವೆಯೇ ಎಂದೂ ನೋಡಿ. ಇನ್ನು ಚೀಟಿಯ ಮೇಲೆ ‘ಗುಡ್’ ಎಂದು ಬರೆದಿದ್ದರೆ ಹಿಗ್ಗಬೇಡಿ. ರೆಕಾರ್ಡು ವ್ಯಾಪಾರದ ಭಾಷೆಯಲ್ಲಿ ‘ಮಿಂಟ್’, ‘ನಿಯರ್ ಮಿಂಟ್’, ‘ವೆರಿ ಗುಡ್ ಪ್ಲಸ್’, ‘ವೆರಿ ಗುಡ್’ ಆದ ಮೇಲೆ ಬರುವುದು ‘ಗುಡ್’. ಹಾಡುತ್ತದೆ, ಆದರೆ ಚಟಪಟ ಸದ್ದಿನ ನಡುವೆ ಎಂದಷ್ಟೇ ಅದರ ಅರ್ಥ.

ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳು ಬೆರೆತಿದ್ದರೆ ಬೇರೆಯೇ ಎಚ್ಚರ. ಅವುಗಳ ಗೆರೆ ಅಗಲ; ಎಲ್‌ಪಿ ಮುಳ್ಳು ತಳಕ್ಕಿಳಿದು ಬರೀ ಗೊರಗೊರ ಎತ್ತುತ್ತದೆ. ಅವಕ್ಕೆ ಸುಮಾರು 75 ಮೈಕ್ರಾನ್ ತುದಿಯ ಮುಳ್ಳೇ ಬೇಕು. ಆ ದಪ್ಪ ಮುಳ್ಳನ್ನು ಮರೆತು ಎಲ್‌ಪಿ ಮೇಲಿಟ್ಟರೆ ಎಲ್‌ಪಿ ಹಾಳು. ಸ್ಪಿರಿಟ್ಟಿನಲ್ಲಂತೂ ಒರೆಸಲೇಬೇಡಿ, ಅರಗು ಅದರಲ್ಲಿ ಕರಗುತ್ತದೆ. ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಎಲ್‌ಪಿಗಾದರೆ ಮೂರು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ಲೇಬಲ್ ನೆನೆಸದೆ, ಮೈಕ್ರೊಫೈಬರ್ ಬಟ್ಟೆಯಲ್ಲಿ ಗೆರೆಯ ಜಾಡಿನಲ್ಲೇ ಒರೆಸಿ, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ ನಿಲ್ಲಿಸಿ ಒಣಗಿಸಿ. ನಲ್ಲಿ ನೀರು ಬೇಡ, ಅದರ ಲವಣ ಗೆರೆಯಲ್ಲೇ ಉಳಿಯುತ್ತದೆ.

ಸಿಡಿಯ ಕೆಳಬದಿಯ ಗೀರಿಗೆ ಎಲ್ಲರೂ ಹೆದರುತ್ತಾರೆ. ಹೆದರಬೇಕಾದದ್ದು ಮೇಲ್ಬದಿಗೆ: ಹೆಸರು ಅಚ್ಚಾದ ಪದರದ ಕೆಳಗೇ ತೆಳು ಲೋಹದ ಲೇಪನವಿದೆ, ಅಲ್ಲಿ ಗೀಚಿದರೆ ಹಾಡೇ ಹೋಯಿತು. ದೀಪಕ್ಕೆ ಹಿಡಿದಾಗ ಸೂಜಿಮೊನೆಯಂಥ ತೂತುಗಳಲ್ಲಿ ಬೆಳಕು ಬಂದರೆ ಬೇಡ. ಕೆಳಬದಿ ಹಸಿರು, ನೀಲಿ ಛಾಯೆಯಲ್ಲಿದ್ದರೆ ಅದು ಕಂಪನಿ ಅಚ್ಚು ಹಾಕಿದ್ದಲ್ಲ, ಯಾರೋ ಕಂಪ್ಯೂಟರಿನಲ್ಲಿ ಬರೆದ ನಕಲು.

ಕ್ಯಾಸೆಟ್ಟಿನಲ್ಲಿ ಟೇಪಿನ ಹಿಂದಿರುವ ಪುಟ್ಟ ಫೆಲ್ಟ್ ಪ್ಯಾಡ್ ಇದೆಯೇ ನೋಡಿ. ಅದು ಬಿದ್ದಿದ್ದರೆ ಟೇಪು ಅದನ್ನು ಓದುವ ಹೆಡ್ಡಿಗೆ ಒತ್ತುವುದಿಲ್ಲ, ಧ್ವನಿ ಮಂಕಾಗಿ ಏರಿಳಿಯುತ್ತದೆ. 120 ನಿಮಿಷದ ಕ್ಯಾಸೆಟ್ಟಿನ ಟೇಪು ಬಲು ತೆಳು, ಹಳೇ ಡೆಕ್ಕಿಗೆ ಹಾಕಿದರೆ ಸಿಕ್ಕಿಹಾಕಿಕೊಳ್ಳುವ ಸಂಭವ ಹೆಚ್ಚು. ಯಾವ ಹಳೇ ಕ್ಯಾಸೆಟ್ಟನ್ನೂ ನೇರವಾಗಿ ಪ್ಲೇ ಮಾಡುವ ಮೊದಲು ಪೆನ್ಸಿಲಿನಿಂದ ನಾಲ್ಕು ಸುತ್ತು ತಿರುಗಿಸಿ, ಟೇಪು ಅಂಟಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ.