ಶಾಖಾ ಗ್ರಂಥಾಲಯ: ಎಲ್ಲ ಇದೆ, ಶೌಚಾಲಯ ಇಲ್ಲ

ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಬೆಂಗಳೂರಿನ ನಮ್ಮ ಬಡಾವಣೆಯ ಎರಡು ಕೋಣೆಯ ಶಾಖಾ ಗ್ರಂಥಾಲಯದ ಬಗ್ಗೆ. ವರ್ಷಗಳಿಂದ ಸದಸ್ಯ ನಾನು.

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ನಿವೃತ್ತರು ಕೆಲವರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಪೇಪರ್ ಓದುವುದಕ್ಕೆ ಇಲ್ಲಿ ಯಾರೂ ಬರೆದಿಡದ ನಿಯಮಗಳಿವೆ. ಮುಖಪುಟ ಹಿಡಿದವರು ಒಳಹಾಳೆಗಳನ್ನು ಬಿಡಿಸಿ ಪಕ್ಕದವರಿಗೆ ಕೊಡಬೇಕು, ಪುರವಣಿಯನ್ನು ಮಡಚಿ ಇಟ್ಟುಕೊಳ್ಳುವಂತಿಲ್ಲ, ಪದಬಂಧಕ್ಕೆ ಪೆನ್ನು ತಾಗಿಸಲೇಬಾರದು. ನಾನು ಉತ್ತರಗಳನ್ನು ಹಳೇ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡು ಆಫೀಸಿಗೆ ಹೊರಡುತ್ತೇನೆ. ಒಂದು ದಪ್ಪನೆಯ ಕನ್ನಡ ಕಾದಂಬರಿಗೆ ಈಗ 400 ರೂಪಾಯಿ ಕೊಡಬೇಕು, ನನ್ನ ಸಂಬಳಕ್ಕೆ ಅದು ಭಾರವೇ. ಇಲ್ಲಿ ಸಣ್ಣ ಠೇವಣಿ ಕಟ್ಟಿ, ರೆಕ್ಸಿನ್ ರಟ್ಟಿನ ಹಳೆಯ ಪ್ರತಿಗಳನ್ನು ಮನೆಗೆ ತಂದು ಓದಿದ್ದೇನೆ. ಕೊನೆಯ ಪುಟದ ಚೀಟಿಯಲ್ಲಿ ನೇರಳೆ ಶಾಯಿಯ ತಾರೀಖುಗಳನ್ನು ನೋಡುವುದು ನನಗೆ ಬಹಳ ಇಷ್ಟ. ನನಗಿಂತ ಮೊದಲು ಇದೇ ಬೀದಿಗಳ ಎಷ್ಟೋ ಜನ ಅದನ್ನು ಓದಿದ್ದಾರೆ.

ಇನ್ನು ಹಿಂದಿನ ಕೋಣೆ. ಪಿಡಿಒ, ಎಫ್‌ಡಿಎ, ಕೆಎಎಸ್‌ನಂಥ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವ ಮಕ್ಕಳು ಅಲ್ಲಿ ಕೂರುತ್ತಾರೆ. ಹೆಚ್ಚಿನವರು ಪಿಜಿಯಲ್ಲಿರುವವರು, ಅಲ್ಲಿ ಮಂಚ ಬಿಟ್ಟರೆ ಕೂತು ಓದಲು ಜಾಗವಿಲ್ಲ. ಈ ಮೇಜು, ಈ ಫ್ಯಾನು ಅವರಿಗೆ ದೊಡ್ಡದು. ಆದರೆ ಹುಡುಗಿಯರ ಬಾಟಲಿ ನೋಡಿ, ಬೆಳಿಗ್ಗೆ ತುಂಬಿಸಿ ತಂದ ನೀರು ಹಾಗೇ ಇರುತ್ತದೆ. ಕುಡಿದರೆ ಹೋಗುವುದೆಲ್ಲಿಗೆ? ಊಟದ ಹೊತ್ತಿಗೆ ಪುಸ್ತಕ ಕಟ್ಟಿಕೊಂಡು ಹೊರಟವರು ಮತ್ತೆ ಬರುವುದಿಲ್ಲ. ಹುಡುಗರು ಎಲ್ಲೋ ಹೋಗಿ ಬಂದು ಸಂಜೆವರೆಗೂ ಓದುತ್ತಾರೆ. ಪರೀಕ್ಷೆ ಇಬ್ಬರಿಗೂ ಒಂದೇ, ಓದುವ ಗಂಟೆಗಳು ಮಾತ್ರ ಒಂದೇ ಅಲ್ಲ. ಗ್ರಂಥಪಾಲಕಿಯೂ ಎದುರು ಮನೆಯವರನ್ನು ಕೇಳಿಕೊಂಡು ಹೋಗಿಬರಬೇಕು. ವರ್ಷಗಳಿಂದ ಇದನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ.

‘ಪುಕ್ಕಟೆ ಸೇವೆ, ಇಷ್ಟಾದರೂ ಇದೆಯಲ್ಲ’ ಎನ್ನುವವರು ತಮ್ಮ ಮನೆಯ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಲಿ. ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. 1965ರ ಗ್ರಂಥಾಲಯ ಕಾಯ್ದೆ ಈ ಕರಕ್ಕೆ ದಾರಿ ಮಾಡಿದ್ದೇ ಓದುವವರಿಗಾಗಿ. ಕೊನೆಯ ದಿನಗಳನ್ನು ಇದೇ ಬೆಂಗಳೂರಿನಲ್ಲಿ ಕಳೆದ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಗಳಿಗೆ ಐದು ಸೂತ್ರ ಕೊಟ್ಟು, ‘ಪುಸ್ತಕಗಳಿರುವುದು ಬಳಕೆಗೆ’ ಎಂದು ಮೊದಲ ಸೂತ್ರ ಬರೆದರು. ಅದನ್ನು ವಿವರಿಸುವಾಗ ಗ್ರಂಥಾಲಯ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕುರ್ಚಿ ಮೇಜು ಹೇಗಿರಬೇಕು ಎಂಬುದನ್ನೂ ಬಿಡಲಿಲ್ಲ. ನಮ್ಮಲ್ಲಿ ಈಚೆಗೆ ಕಂಪ್ಯೂಟರ್ ಬಂತು, ಗೋಡೆಗೆ ಬಣ್ಣವೂ ಬಂತು. ಒಂದು ಶೌಚಾಲಯಕ್ಕೆ ಯಾಕೆ ಇಷ್ಟು ವರ್ಷ?

ಪುಸ್ತಕ, ಪೇಪರು, ಸಿಬ್ಬಂದಿಗೆ ಐದಕ್ಕೆ ಐದು. ಒಟ್ಟಾರೆ ಮೂರೇ ಕೊಡುತ್ತೇನೆ. ಸೋಮವಾರ ರಜೆ. ಸದಸ್ಯರಾಗಲು ವಿಳಾಸದ ದಾಖಲೆ ತನ್ನಿ. ಶೌಚಾಲಯಕ್ಕಾಗಿ ಬರೆದ ಮನವಿ ಗ್ರಂಥಪಾಲಕಿಯ ಮೇಜಿನ ಮೇಲಿದೆ, ಬಂದಾಗ ಸಹಿ ಹಾಕಿ.